ಧ್ಯಾನದ ಆ್ಯಪ್, ಬೋರೆಯ ವಾಕಿಂಗ್, ಹಿತ್ತಾಳೆ ಕಾಫಿ ಫಿಲ್ಟರ್: ನನಗೆ ಒಗ್ಗಿದ್ದು ಯಾವುದು?

ಚಿಕ್ಕಮಗಳೂರಿನ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ನನ್ನ ಕೆಲಸ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. 18 ಬಂತು ಅಂದರೆ ಅಂಗಡಿಯವರೆಲ್ಲ ಬಿಲ್ಲಿನ ಫೋಟೊ ವಾಟ್ಸಾಪಿಗೆ ಸುರಿಯುತ್ತಾರೆ. ಅದರಲ್ಲಿ ಅರ್ಧ ಮಸುಕು. ರಾತ್ರಿ ಹನ್ನೊಂದಕ್ಕೆ "ಸಾರ್, ನೋಡಿದ್ರಾ?" ಕೊನೆಗೆ ಫೋನು ಸುಮ್ಮನಿದ್ದರೂ ಕುಂಯ್ ಅಂದ ಹಾಗೆ ಕೇಳತೊಡಗಿತು. ಏನಾದರೂ ಮಾಡಲೇಬೇಕು ಅನಿಸಿತು. ಏಪ್ರಿಲ್‌ನಿಂದ ಒಂದಾದ ಮೇಲೊಂದು ನಾಲ್ಕು ಅಭ್ಯಾಸ ಹಿಡಿದು ನೋಡಿದೆ. ಪರೀಕ್ಷೆ ಒಂದೇ: 20ನೇ ತಾರೀಖಿನಂದೂ ಅದು ನಡೆಯಿತಾ?

ಮೊದಲು ಧ್ಯಾನದ ಆ್ಯಪ್. ದಿನಕ್ಕೆ ಹತ್ತು ನಿಮಿಷ, ಕೂತಲ್ಲೇ. ಖರ್ಚು, ಸಮಯ ಎರಡರಲ್ಲೂ ಇದೇ ಸಲೀಸು. ಆದರೆ ಅದನ್ನು ಶುರು ಮಾಡೋಕೆ ಫೋನನ್ನೇ ತೆರೆಯಬೇಕಲ್ವಾ? ತೆರೆದರೆ ಮೇಲುಗಡೆ ಯಾರದೋ ಸಿಮೆಂಟ್ ಬಿಲ್ಲು. ಎರಡು ದಿನ ತಪ್ಪಿಸಿದರೆ "ನೀವು ತಪ್ಪಿಸಿದ್ದೀರಿ" ಅಂತ ಜ್ಞಾಪನೆ ಬೇರೆ. ಇದ್ದ ತಾರೀಖುಗಳೇ ಸಾಲದು ಅಂತ ಇದೊಂದು. ಆದರೂ ಒಂದು ಕಲಿತೆ: ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ಎದೆ ಬಡಿತ ಇಳಿಯುತ್ತದೆ. ಅದಕ್ಕೆ ಆ್ಯಪ್ ಬೇಕಿಲ್ಲ.

ಮೇ ತಿಂಗಳಲ್ಲಿ ರತ್ನಗಿರಿ ಬೋರೆ, ನಮ್ಮೂರಿನ ಗುಡ್ಡದ ಪಾರ್ಕು. ಬೆಳಿಗ್ಗೆ ನಲವತ್ತು ನಿಮಿಷ ನಡಿಗೆ. ನಿದ್ದೆಯ ಮಟ್ಟಿಗೆ ಹೇಳೋದಾದರೆ ಉಳಿದ ಮೂರೂ ಇದರ ಹತ್ತಿರಕ್ಕೂ ಬರಲ್ಲ. ತಲೆ ಇಟ್ಟರೆ ಬೆಳಗು. ಕಷ್ಟ ಎರಡು. ಗುರುತಿನವರು ಸಿಕ್ಕರೆ "ಸಾರ್, 20 ದಾಟಿದ್ರೆ ಲೇಟ್ ಫೀ ಎಷ್ಟು?" ದಿನಕ್ಕೆ 50 ರೂಪಾಯಿ ಅಂತ ಹೇಳುತ್ತಲೇ ಒಂದು ಸುತ್ತು ಮುಗಿಯುತ್ತಿತ್ತು. ಎರಡನೆಯದು ಮಳೆ. ಜೂನ್ ಅರ್ಧಕ್ಕೆ ಮಲೆನಾಡಿನ ಮಳೆ ಹಿಡಿಯಿತು ನೋಡಿ, ಎರಡು ದಿನ ಒಲೆ ಪಕ್ಕ ಇಟ್ಟರೂ ಶೂ ಒಣಗಲಿಲ್ಲ. 20ರಂದು ನಾನು ಮನೆಯಲ್ಲೇ ಇದ್ದೆ.

ಆಮೇಲೆ ರಾತ್ರಿ ಡೈರಿ. ವಾರದೊಳಗೆ ಅದು ನಾಳೆಯ ಕೆಲಸದ ಪಟ್ಟಿ ಆಯಿತು. ಅಷ್ಟೇ.

ಆಗಸ್ಟ್‌ನಲ್ಲಿ ಅಟ್ಟದಿಂದ ಹಿತ್ತಾಳೆ ಫಿಲ್ಟರ್ ಇಳಿಸಿದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ದಿಢೀರ್ ಕಾಫಿ. ಕಾಫಿ ಸೀಮೆಯಲ್ಲಿದ್ದುಕೊಂಡು ಇದನ್ನು ಹೇಳೋಕೆ ನಾಚಿಕೆಯೇ. ಮೊದಲ ದಿನ ನುಣ್ಣನೆ ಪುಡಿ ತುಂಬಿ, ಚೆನ್ನಾಗಿ ಅದುಮಿ ಕುದಿನೀರು ಹಾಕಿದೆ. ಅರ್ಧ ಗಂಟೆ ಆದರೂ ಕೆಳಗೆ ಎರಡು ಚಮಚ ಇಳಿದಿರಲಿಲ್ಲ. ಫಿಲ್ಟರನ್ನು ಕುಟ್ಟಿದೆ, ಅಲ್ಲಾಡಿಸಿದೆ. "ಅಷ್ಟು ಅದುಮಿದ್ರೆ ನೀರು ಎಲ್ಲಿಂದ ಹೋಗ್ಬೇಕೋ?" ಅಂದರು ಅಮ್ಮ.

ಅಂಗಡಿಗೆ ಹೋಗಿ ಸ್ವಲ್ಪ ತರಿ ಪುಡಿ, ನೂರಕ್ಕೆ ಇಪ್ಪತ್ತು ಚಿಕೋರಿ ಅಂತ ಹೇಳಿ ತಂದೆ. ಈಗ ಪುಡಿ ಹಾಕಿ ಮೇಲೆ ಬಿಲ್ಲೆಯನ್ನು ಹಗುರವಾಗಿ ಇಡುತ್ತೇನೆ. ಮೊದಲು ಪುಡಿ ನೆನೆಯುವಷ್ಟೇ ನೀರು, ಆಮೇಲೆ ಉಳಿದದ್ದು. ಮುಚ್ಚಳ ಮುಚ್ಚಿದ ಮೇಲೆ ಡಿಕಾಕ್ಷನ್ ಇಳಿಯೋಕೆ ಇಪ್ಪತ್ತು ನಿಮಿಷ. ಆ ಹೊತ್ತಲ್ಲಿ ನನಗೆ ಮಾಡೋಕೆ ಏನೂ ಇಲ್ಲ. ಫೋನು ಒಳಗಿರುತ್ತದೆ, ನಾನು ಜಗಲಿಯಲ್ಲಿ. ಶುರುವಿನಲ್ಲಿ ಟಪಟಪ ಅಂತ ಬೀಳುವ ಹನಿ ಆಮೇಲೆ ಬಿಡಿಬಿಡಿಯಾಗುತ್ತದೆ. ಅಂಗೈ ಇಟ್ಟರೆ ಕೆಳಗಿನ ಡಬ್ಬಿ ಬಿಸಿ. ಮಳೆ ಬಂದರೆ ಇನ್ನೂ ಒಳ್ಳೆಯದೇ.

ಆ ತಿಂಗಳ 20ರಂದು ಐದಕ್ಕೇ ಎದ್ದೆ. ಧ್ಯಾನ ಬಿಡಬಹುದು, ನಡಿಗೆ ಬಿಡಬಹುದು, ಕಾಫಿ ಬಿಡೋಕಾಗುತ್ತಾ? ಹಾಗಾಗಿ ಮನಸ್ಸನ್ನು ಒಪ್ಪಿಸುವ ರಗಳೆಯೇ ಇರಲಿಲ್ಲ. ಅದೇ ಇದರ ಗುಟ್ಟು ಅಂತ ನನ್ನ ಲೆಕ್ಕ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಮಾಡಿದ್ದು ಉಳಿಯಿತು ಅಂತ ಮೂರನೇ ಲೋಟ ಕುಡಿದು ಹೊಟ್ಟೆ ಉರಿಸಿಕೊಂಡಿದ್ದೇನೆ. ಸಂಜೆ ಆರಕ್ಕೆ ಒಮ್ಮೆ ಮಾಡಿದೆ, ರಾತ್ರಿ ಒಂದರವರೆಗೆ ಫ್ಯಾನ್ ಎಣಿಸಿದೆ. ನಿದ್ದೆಗೆ ಬೋರೆಯೇ ಸರಿ. ಅಕ್ಟೋಬರ್‌ಗೆ ಮತ್ತೆ ಹೋಗಬೇಕು ಅಂತಿದ್ದೇನೆ, ಆದರೆ 21ರಿಂದ ಮಾತ್ರ. ಶೂ ಈಗ ಒಣಗಿದೆ.