ಎಸಿ ಚೆನ್ನಾಗಿದೆ, ಸಿನಿಮಾ ಯಾವಾಗ ಶುರು?

ಏಪ್ರಿಲ್ ಬಂತು ಅಂದರೆ ಹಾಸನದಿಂದ ಅಕ್ಕನ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಅನುಷಾ ಒಂಬತ್ತನೇ ಕ್ಲಾಸಿಗೆ ಹೋಗುವವಳು, ತೇಜು ಐದನೇ ಕ್ಲಾಸಿಗೆ. ನಮ್ಮದು ರಾಜಾಜಿನಗರದಲ್ಲಿ ಮೇಲಿನ ಮಹಡಿ ಮನೆ. ಮಧ್ಯಾಹ್ನದ ಹೊತ್ತಿಗೆ ತಾರಸಿ ಕಾದು ಫ್ಯಾನ್ ಬಿಸಿಗಾಳಿ ಬೀಸುತ್ತದೆ. ಬೆಂಗಳೂರಲ್ಲಿ ಫ್ಯಾನೇ ಬೇಡ ಅಂತಿದ್ದ ಕಾಲದವಳು ನಮ್ಮಮ್ಮ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್‌ನಲ್ಲಿ 38.5. ಅಂಥ ಬಿಸಿಲಲ್ಲಿ ಮಕ್ಕಳನ್ನು ಮನೆಯಲ್ಲಿ ಕೂರಿಸೋದು ಸಾಧ್ಯವಿಲ್ಲ. ಹಾಗಾಗಿ ಸಿನಿಮಾ, ಮಾಲ್, ಮತ್ತೆ ಸಿನಿಮಾ. ನಿಜ ಹೇಳಬೇಕಂದರೆ ನಾವು ಹೋಗೋದು ಎಸಿಗೆ.

ಟಿಕೆಟ್ ಎಷ್ಟು, ಪಾಪ್‌ಕಾರ್ನ್ ಎಷ್ಟು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಆಡಿಟರ್ ಆಫೀಸಲ್ಲಿ ಕೆಲಸ ಮಾಡುವ ನಾನಂತೂ ಹಾಕೇ ಹಾಕುತ್ತೇನೆ. ಈ ಬೇಸಿಗೆ ಅದರ ಜೊತೆ ಇನ್ನೊಂದು ಲೆಕ್ಕ ಹಿಡಿದೆ. ಎಲ್ಲಿ ನಮ್ಮನ್ನು ಎಷ್ಟು ಹೊತ್ತು ಸುಮ್ನೆ ಕಾಯಿಸಿದರು ಅನ್ನೋದು. ಕೆಳಗಿನ ಮಾರ್ಕು ಕೊಟ್ಟಿರೋದು ಅದರ ಮೇಲೆ.

ಮೊದಲು ಮಲ್ಟಿಪ್ಲೆಕ್ಸ್. ಯಾವುದು ಅಂತ ಹೇಳಲ್ಲ. ನೀವು ಹೋಗಿದ್ದೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಶನಿವಾರ 4.15ರ ಶೋ. ಬಾಗಿಲಲ್ಲಿ ಬ್ಯಾಗ್ ತಪಾಸಣೆ. ಅಮ್ಮನ ಕೈಚೀಲದಲ್ಲಿ ಶಾಲು, ಬಿ.ಪಿ. ಮಾತ್ರೆ, ಅದರ ಕೆಳಗೆ ಸ್ಟೀಲ್ ಡಬ್ಬಿ ತುಂಬ ನಿಪ್ಪಟ್ಟು. ಸೆಕ್ಯೂರಿಟಿ ಹುಡುಗಿ ಪಾಪ ಮೆತ್ತಗೇ ಹೇಳಿದಳು, "ಅಮ್ಮ, ಇದು ಒಳಗೆ ಬಿಡಲ್ಲ. ಇಲ್ಲೇ ಇಟ್ಟು ಹೋಗುವಾಗ ತಗೊಳ್ಳಿ." ಅಮ್ಮ ಬಿಡಲಿಲ್ಲ. "ಮನೇಲಿ ಮಾಡಿದ್ದು ಕಣಮ್ಮಾ, ನೀನೂ ಒಂದು ತಗೋ." ಹುಡುಗಿ ನಕ್ಕಳು, ನಿಪ್ಪಟ್ಟು ತಗೊಳ್ಳಲಿಲ್ಲ. ಡಬ್ಬಿಗೆ ಒಂದು ಪ್ಲಾಸ್ಟಿಕ್ ಟೋಕನ್ ಕೊಟ್ಟು, ಅದನ್ನು ಹೆಲ್ಮೆಟ್‌ಗಳ ಮಧ್ಯೆ ಇಟ್ಟಳು.

ಇದರಲ್ಲಿ ಆ ಹುಡುಗಿಯ ತಪ್ಪೇನಿಲ್ಲ, ಕಾನೂನೂ ಅವರ ಕಡೆಗೇ ಇದೆ. ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕು ಚಿತ್ರಮಂದಿರದವರಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಲೇಬೇಕು ಅಂತಲೂ ಹೇಳಿತು. ಆ ಪುಕ್ಕಟೆ ನೀರು ಎಲ್ಲಿದೆ ಅಂತ ಹುಡುಕಿ ನೋಡಿ. ನಮಗೆ ಸಿಕ್ಕಿದ್ದು ಶೌಚಾಲಯಕ್ಕೆ ಹೋಗುವ ಓಣಿಯ ಕೊನೆಯಲ್ಲಿ. ಬಾಟಲಿ ನೀರು ಮಾತ್ರ ಕೌಂಟರಿನ ಮುಂದೆಯೇ, ಲೈಟ್ ಹಾಕಿಸಿಕೊಂಡು ನಿಂತಿತ್ತು.

ಒಳಗೆ ಹೋಗಿ ಕೂತೆವು. 4.15 ಆಯಿತು. ಕಂಬಿ ಜಾಹೀರಾತು ಬಂತು, ಚಿನ್ನದಂಗಡಿ ಬಂತು, ನೆಲಮಂಗಲದ ಸೈಟು ಬಂತು. ಮುಂದಿನ ತಿಂಗಳು ಬರೋ ಸಿನಿಮಾಗಳ ಟ್ರೇಲರ್ ಬಂದವು. ಮತ್ತೆ ಅದೇ ಚಿನ್ನದಂಗಡಿ. ಅಮ್ಮ ಶಾಲು ಹೊದ್ದುಕೊಂಡು ಕಿವಿಯಲ್ಲಿ ಕೇಳಿದಳು, "ಇಂಟರ್ವಲ್ಲಾ?" ಸಿನಿಮಾ ಇನ್ನೂ ಶುರುವೇ ಆಗಿಲ್ಲಮ್ಮ ಅಂದೆ. ಪಕ್ಕದ ಸೀಟಿನವರು ನಕ್ಕರು. ತೇಜುವಿನ ಪಾಪ್‌ಕಾರ್ನ್ ಹೆಸರು ಬೀಳೋ ಮೊದಲೇ ಖಾಲಿ. ಇದೂ ಒಂದು ಲೆಕ್ಕಾಚಾರವೇ ಇರಬೇಕು ಅಂತ ನನ್ನ ಗುಮಾನಿ, ಯಾಕಂದರೆ ಇಂಟರ್ವಲ್‌ನಲ್ಲಿ ಅವನು ಇನ್ನೊಂದು ಕೇಳಿದ.

ಈ ಜಾಹೀರಾತಿನ ಕಾಟಕ್ಕೆ ಬೆಂಗಳೂರಿನವರೊಬ್ಬರು ಗ್ರಾಹಕರ ನ್ಯಾಯಾಲಯಕ್ಕೇ ಹೋಗಿದ್ದರು, ನೆನಪಿದೆಯಾ? 4.05ಕ್ಕೆ ಅಂತ ಟಿಕೆಟ್‌ನಲ್ಲಿದ್ದ ಸಿನಿಮಾ 4.30ಕ್ಕೆ ಶುರುವಾಯಿತು, ಆಮೇಲಿನ ಕೆಲಸ ಕೆಟ್ಟಿತು ಅನ್ನೋದು ಅವರ ದೂರು. 2025ರ ಫೆಬ್ರವರಿಯಲ್ಲಿ ತೀರ್ಪು ಅವರ ಕಡೆ ಬಂತು. ಮನಸ್ಸಿಗಾದ ಕಿರಿಕಿರಿಗೆ 20,000, ದೂರಿನ ಖರ್ಚಿಗೆ 8,000, ಅದಲ್ಲದೆ ಗ್ರಾಹಕರ ಕಲ್ಯಾಣ ನಿಧಿಗೆ 1 ಲಕ್ಷ ಕಟ್ಟಿ ಅಂತ ಮಲ್ಟಿಪ್ಲೆಕ್ಸ್‌ಗೆ ಹೇಳಿದರು. ಟಿಕೆಟ್ ಮೇಲೆ ಸಿನಿಮಾ ಶುರುವಾಗೋ ನಿಜವಾದ ಹೊತ್ತು ಹಾಕಿ ಅಂತಲೂ ಆಯಿತು. ನಾನು ಆಫೀಸಲ್ಲಿ ಆ ಸುದ್ದಿ ಓದಿ ಎಲ್ಲರಿಗೂ ಕಾಫಿ ಹೇಳಿದೆ. ಮುಂದಿನ ತಿಂಗಳೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ದರದ ಕತೆಯೂ ಹೀಗೇ. ಎಲ್ಲಾ ಚಿತ್ರಮಂದಿರದಲ್ಲೂ ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. 75 ಸೀಟಿನ ಒಳಗಿರೋ ಪ್ರೀಮಿಯಂ ಹಾಲ್‌ಗಳಿಗೆ ಮಾತ್ರ ವಿನಾಯಿತಿ. ಆ ತಿಂಗಳು ಮುಗಿಯೋದರೊಳಗೆ ಅದಕ್ಕೂ ತಡೆ ಬಿತ್ತು. ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಿ ಅಂತ ಹೈಕೋರ್ಟ್ ಹಾಕಿದ ಷರತ್ತಿನ ವಿರುದ್ಧ ಮಲ್ಟಿಪ್ಲೆಕ್ಸ್‌ನವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಷರತ್ತಿಗೆ ತಡೆ ಸಿಕ್ಕಿತು, ಜೊತೆಗೆ ನ್ಯಾಯಮೂರ್ತಿಗಳಿಂದ ಒಂದು ಮಾತೂ ಸಿಕ್ಕಿತು. ನೀರಿಗೆ 100, ಕಾಫಿಗೆ 700 ತಗೊಂಡರೆ ನಿಮ್ಮ ಹಾಲ್‌ಗಳು ಖಾಲಿಯಾಗುತ್ತವೆ ಅನ್ನೋ ಅರ್ಥದ್ದು. ನಮ್ಮಮ್ಮನಿಗೆ ಇದನ್ನು ಹೇಳಿದಾಗ, "ಅವರೂ ಮೊಮ್ಮಕ್ಕಳನ್ನ ಕರ್ಕೊಂಡು ಹೋಗಿರಬೇಕು" ಅಂದಳು.

ಒಳ್ಳೆಯದನ್ನೂ ಹೇಳಬೇಕು. ಸೀಟು ಸುಖವಾಗಿತ್ತು. ಶೌಚಾಲಯ ಚೊಕ್ಕಟ. ಮಂಡಿನೋವಿನ ಅಮ್ಮನಿಗೆ ಲಿಫ್ಟ್ ಇತ್ತು. ವಾರದ ಮಧ್ಯೆ ಹೋದರೆ, ಅದರಲ್ಲೂ ಮಂಗಳವಾರದ ಆಫರ್ ಇರೋ ಕಡೆ, ದರ ಅರ್ಧಕ್ಕಿಂತ ಕಮ್ಮಿ ಬೀಳುತ್ತದೆ. ಆ್ಯಪ್‌ನಲ್ಲಿ ತಗೊಂಡರೆ ಟಿಕೆಟ್‌ಗೆ ಇಷ್ಟು ಅಂತ ಕನ್ವೀನಿಯನ್ಸ್ ಫೀ ಸೇರುತ್ತದೆ, ಕೌಂಟರಿನಲ್ಲಿ ಸೇರಲ್ಲ. ಬೇಸಿಗೆ ಮಧ್ಯಾಹ್ನ ಕೌಂಟರಿನಲ್ಲಿ ಜನವೇ ಇರಲ್ಲ, ಎಲ್ಲರೂ ಫೋನ್ ನೋಡುತ್ತಿರುತ್ತಾರೆ. ಅಲ್ಲೇ ತಗೊಳ್ಳಿ. ಐದಕ್ಕೆ ಮೂರು ಮಾರ್ಕು.

ಈಗ ಮಾಲ್‌ನಲ್ಲಿ ಸಿನಿಮಾ ಪ್ರಮೋಷನ್. ಅನುಷಾಗೆ ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟರ್ ಕಂಡಿತು. ಒಂದು ಕನ್ನಡ ಸಿನಿಮಾದ ಹಾಡು ಬಿಡುಗಡೆ, ನಾಯಕ ನಾಯಕಿ ಇಬ್ಬರೂ ಬರುತ್ತಾರೆ, ಪ್ರವೇಶ ಉಚಿತ, ಸಂಜೆ ಐದಕ್ಕೆ. "ಚಿಕ್ಕಮ್ಮ, ಪ್ಲೀಸ್" ಅಂತ ಎರಡು ದಿನ ತಲೆ ತಿಂದಳು. ಹೋದೆವು.

ನೆಲಮಹಡಿಯ ನಡುವೆ ವೇದಿಕೆ, ಎರಡು ಕಡೆ ಎಲ್‌ಇಡಿ ಪರದೆ. ಮುಂದೆ ಕಬ್ಬಿಣದ ಬ್ಯಾರಿಕೇಡ್. ಅದರ ಒಳಗೆ ಸೋಫಾ, ಪಾಸ್ ಇದ್ದವರಿಗೆ. ಉಚಿತ ಪ್ರವೇಶ ಅಂದರೆ ಬ್ಯಾರಿಕೇಡಿನ ಆಚೆ ನಿಂತುಕೊಳ್ಳೋ ಉಚಿತ. ಐದಕ್ಕೆ ನಿರೂಪಕಿ ಬಂದಳು. "ಬೆಂಗಳೂರ್, ಎನರ್ಜಿ ಎಲ್ಲಿ?" ಅಂತ ಕಿರುಚಿದಳು. ನಾವು ಕೂಗಿದೆವು. "ಕೇಳಿಸ್ತಿಲ್ಲ!" ಮತ್ತೆ ಕೂಗಿದೆವು. ಇನ್ನೇನು ಹತ್ತು ನಿಮಿಷ, ಟೀಮ್ ದಾರಿಯಲ್ಲಿದೆ ಅಂದಳು. ಆ ಹತ್ತು ನಿಮಿಷ ಆರು ಗಂಟೆಗೂ ಇತ್ತು, ಏಳಕ್ಕೂ ಇತ್ತು. ಮಧ್ಯೆ ಡಾನ್ಸ್ ಶಾಲೆಯ ಮಕ್ಕಳು ಕುಣಿದರು, ಅವರದೇ ಆವತ್ತಿನ ಒಳ್ಳೆ ಕಾರ್ಯಕ್ರಮ. ಒಂದು ಪುಟ್ಟ ಹುಡುಗಿಯ ಗೆಜ್ಜೆ ಬಿಚ್ಚಿ ವೇದಿಕೆ ಮೇಲೆ ಉರುಳಿತು. ಅವಳು ಕುಣಿಯೋದು ನಿಲ್ಲಿಸದೆ ಅದನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿದಳು. ಎಲ್ಲರಿಗಿಂತ ಜೋರು ಚಪ್ಪಾಳೆ ಅವಳಿಗೇ ಬಂತು.

ಪಕ್ಕದಲ್ಲಿ ಪ್ರಾಯೋಜಕರ ಸ್ಟಾಲ್. ಚಕ್ರ ತಿರುಗಿಸಿ, ಬಹುಮಾನ ಗೆಲ್ಲಿ. ತಿರುಗಿಸೋ ಮೊದಲು ಹೆಸರು, ಫೋನ್ ನಂಬರ್, ಸ್ವಂತ ಮನೆಯೋ ಬಾಡಿಗೆಯೋ ಅಂತ ಚೀಟಿ ತುಂಬಬೇಕು. ತೇಜುಗೆ ಕೀಚೈನ್ ಬಂತು. ನನಗೆ ಮಾರನೇ ದಿನದಿಂದ ಸೈಟ್ ತಗೊಳ್ಳಿ ಮೇಡಂ ಅಂತ ಫೋನ್ ಬಂತು. ಈಗಲೂ ಬರುತ್ತಿದೆ.

ನಾಯಕ ಬಂದಾಗ ಏಳೂವರೆ ದಾಟಿತ್ತು. ಕಪ್ಪು ಟೀಶರ್ಟಿನ ಬೌನ್ಸರ್‌ಗಳ ಗೋಡೆ ಮೊದಲು ಬಂತು. ಎಲ್ಲರ ಕೈಯೂ ಮೇಲಕ್ಕೆ, ಪ್ರತಿ ಕೈಯಲ್ಲೂ ಫೋನ್. ಅನುಷಾಗೆ ಕಂಡಿದ್ದು ಮುಂದೆ ನಿಂತ ಹುಡುಗನ ಫೋನಿನ ಪರದೆಯಲ್ಲಿ ನಾಯಕನ ಅರ್ಧ ತಲೆ. ಹಿಂದಿನಿಂದ ತಳ್ಳೋಕೆ ಶುರು ಮಾಡಿದರು. ಅಮ್ಮ ತೇಜುವಿನ ಕೈ ಹಿಡಿದು, "ಬಾ, ಸಾಕು" ಅಂದಳು. ನಾನೂ ತಡ ಮಾಡಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ನೂಕುನುಗ್ಗಲಲ್ಲಿ 11 ಜನ ಸತ್ತ ಮೇಲೆ, ಎಲ್ಲಿ ಜನ ಸೇರಿದರೂ ನಾನು ಮೊದಲು ನೋಡೋದು ಹೊರಗೆ ಹೋಗೋ ದಾರಿ ಯಾವ ಕಡೆ ಅಂತ. ಆವತ್ತು ಆ ಮಾಲ್‌ನಲ್ಲಿ ಎಸ್ಕಲೇಟರಿನ ಬುಡದವರೆಗೂ ಜನ ಕೂತಿದ್ದರು. ದಾರಿ ಬಿಡಿಸೋರು ಯಾರೂ ಇರಲಿಲ್ಲ. ಬೌನ್ಸರ್‌ಗಳೆಲ್ಲ ನಾಯಕನ ಸುತ್ತ.

ಹಾಡು ನಾವು ಆಟೊದಲ್ಲಿ ಕೂತು ಮನೆ ಮುಟ್ಟೋದರೊಳಗೆ ಯೂಟ್ಯೂಬ್‌ಗೆ ಬಂದಿತ್ತು. ಹಾಡು ಚೆನ್ನಾಗಿದೆ. ಕಾರ್ಯಕ್ರಮಕ್ಕೆ ಒಂದು ಮಾರ್ಕು, ಅದೂ ಗೆಜ್ಜೆ ಹುಡುಗಿಗೆ.

ಮಾಲ್ ಅಂದರೇ ಬೇಡ ಅಂತಲ್ಲ. ಓರಾಯನ್ ಮಾಲ್‌ನ ಹಿಂದೆ ಕಟ್ಟಿರೋ ಕೆರೆ ದಂಡೆಗೆ ನಾವು ಬಿಸಿಲು ಇಳಿದ ಮೇಲೆ ಹೋಗುತ್ತೇವೆ. ನೀರು ನೋಡುತ್ತಾ ಒಂದು ಸುತ್ತು ಹೊಡೆದು ಬಂದರೆ ಮಕ್ಕಳಿಗೆ ಅಷ್ಟೇ ಸಾಕು, ಖರ್ಚು ಐಸ್‌ಕ್ರೀಮಿನದು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ಸ್ಟೇಷನ್ನಿಂದ ನಡೆದೇ ಹೋಗಬಹುದು.

ಇನ್ನು ಒಂಟಿ ಪರದೆಯ ಥಿಯೇಟರು. ನಮ್ಮ ಕಡೆಯದು ನವರಂಗ್. ಬೆಳಗಿನ ಆಟಕ್ಕೆ ಹೋದೆವು, ಬಾಲ್ಕನಿ ಟಿಕೆಟ್. ಎಲ್ಲಾ ಸೇರಿ ಮಲ್ಟಿಪ್ಲೆಕ್ಸ್‌ನ ಪಾಪ್‌ಕಾರ್ನ್ ದುಡ್ಡಲ್ಲಿ ಮುಗಿಯಿತು. ಒಂದೆರಡು ಸ್ಲೈಡು, ತಂಬಾಕಿನ ಎಚ್ಚರಿಕೆ, ಸಿನಿಮಾ ಶುರು. ಅಮ್ಮ ಶಾಲು ತೆಗೆಯೋ ಅಷ್ಟರಲ್ಲಿ ಹೀರೊ ಎಂಟ್ರಿ, ಕೆಳಗಿಂದ ಶಿಳ್ಳೆ. ತೇಜು ಮೊದಲು ಬೆಚ್ಚಿದ, ಆಮೇಲೆ ಅವನೂ ಎರಡು ಬೆರಳು ಬಾಯಲ್ಲಿಟ್ಟು ಊದಿದ. ಗಾಳಿ ಬಂತು, ಶಿಳ್ಳೆ ಬರಲಿಲ್ಲ. ಇಂಟರ್ವಲ್‌ನಲ್ಲಿ ಬಿಸಿ ಸಮೋಸ ಪೇಪರಿನಲ್ಲಿ. ಮುಂದಿನ ಸಾಲಿನ ಅಜ್ಜ ಮೊಬೈಲಲ್ಲಿ ಜೋರಾಗಿ ಮಾತಾಡಿದರು, ನಾಲ್ಕು ಜನ ಬೈದರು, ಅಜ್ಜ ತಲೆಯಾಡಿಸಿ ಇನ್ನೂ ಮಾತಾಡಿದರು. ಸೌಂಡೇ ಮುಖ್ಯ ಅನ್ನೋರು ಲಾಲ್‌ಬಾಗ್ ಕಡೆಯ ಊರ್ವಶಿಗೆ ಹೋಗಿ. ಕೆ.ಜಿ. ರಸ್ತೆಯ ನರ್ತಕಿಗೆ ಮೊದಲ ದಿನ ಹೋಗೋರಿಗೆ ನನ್ನ ಸಲಹೆಯ ಅಗತ್ಯ ಇಲ್ಲ.

ಇಂಥ ಥಿಯೇಟರುಗಳು ಒಂದೊಂದೇ ಹೋಗುತ್ತಿವೆ. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಜಾಗದಲ್ಲಿ ಈಗ ಮೆಟ್ರೊ ಸ್ಟೇಷನ್. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. 1974ರಲ್ಲಿ ಶುರುವಾಗಿದ್ದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಹೋಯಿತು. ಆ ಸಿಗ್ನಲ್ ಬಂದರೆ ಅಮ್ಮ ಈಗಲೂ ಬಸ್ ಕಂಡಕ್ಟರ್‌ಗೆ "ಕಾವೇರಿ ಟಾಕೀಸ್" ಅಂತಲೇ ಹೇಳೋದು, ಅವರೂ ಅಲ್ಲೇ ಇಳಿಸುತ್ತಾರೆ. ನವರಂಗ್‌ಗೆ ನಾಲ್ಕು ಮಾರ್ಕು.

ಐದಕ್ಕೆ ಐದು ಕೊಟ್ಟಿದ್ದು ಸಿನಿಮಾಕ್ಕಲ್ಲ, ನಾಟಕಕ್ಕೆ. ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ್ದು, 2004ರಿಂದ ನಡೆಯುತ್ತಿದೆ. ರಾಜಾಜಿನಗರದಿಂದ ದೂರ ನಿಜ. ಆದರೆ ಹಸಿರು ಲೈನ್ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಜಯಪ್ರಕಾಶ ನಗರದಲ್ಲಿ ಇಳಿಯಬಹುದು, ಅಲ್ಲಿಂದ ಆಟೊ. ಅಲ್ಲಿನ ನಿಯಮ ಎಲ್ಲರಿಗೂ ಗೊತ್ತು. ನಾಟಕ ಏಳೂವರೆಗೆ ಅಂದರೆ ಏಳೂವರೆಗೆ. ಬಾಗಿಲು ಹಾಕಿದ ಮೇಲೆ ಯಾರನ್ನೂ ಬಿಡಲ್ಲ. ನಾವು ಹೋದ ದಿನವೂ ಮೆಟ್ಟಿಲ ಹತ್ತಿರ ಒಬ್ಬರು ಟಿಕೆಟ್ ತೋರಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ವಿವರಿಸುತ್ತಿದ್ದರು. ಬಾಗಿಲಲ್ಲಿದ್ದ ಹುಡುಗ ಎಲ್ಲಾ ಕೇಳಿಸಿಕೊಂಡ, ಸಾರಿ ಸರ್ ಅಂದ, ಬಿಡಲಿಲ್ಲ. ಒಳಗೆ ಜಾಹೀರಾತಿಲ್ಲ, ಫೋನ್ ಬೆಳಕಿಲ್ಲ. ಅನುಷಾ ಒಂದು ಸಲವೂ ಫೋನ್ ಮುಟ್ಟಲಿಲ್ಲ, ಇದನ್ನು ಅಕ್ಕನಿಗೆ ಹೇಳಿದರೆ ನಂಬಲಿಲ್ಲ.

ಆದಷ್ಟು ಬೇಗ ಹೋಗಿ, ಯಾಕಂದರೆ ಅಲ್ಲಿನ ಕೆಫೆಯಲ್ಲಿ ನಾಟಕಕ್ಕೆ ಮೊದಲು ಸಾಲು ಉದ್ದ. ಅಕ್ಕಿ ರೊಟ್ಟಿ ಚೆನ್ನಾಗಿದೆ, ಸಾಬುದಾನ ವಡೆ ಇನ್ನೂ ಚೆನ್ನಾಗಿದೆ. ಅಮ್ಮ ಸಾಲಲ್ಲಿ ನಿಂತಾಗ, ನಿಪ್ಪಟ್ಟು ತಂದಿದ್ದರೆ ಇಲ್ಲಿ ಯಾರೂ ಕೇಳುತ್ತಿರಲಿಲ್ಲ ಅಂತ ಗೊಣಗಿದಳು. ವಡೆ ಬಂದ ಮೇಲೆ ಇನ್ನೊಂದು ಪ್ಲೇಟ್ ಹೇಳು ಅಂದಳು.