ಎಸ್‌ಎಸ್‌ಡಿ ಹಾಕಿದ ಮೇಲೂ ನಿಧಾನ: ಕ್ಲೋನ್ ರಿಪೇರಿಯೋ, ಹೊಸ ವಿಂಡೋಸೋ?

ಹಳೇ ಡೆಸ್ಕ್‌ಟಾಪ್‌ಗೆ ಒಂದೇ ದಿನ ಎರಡು ಹೊಸ ಭಾಗ ಹಾಕಿದೆ: 500 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಮತ್ತು ಮೊದಲೇ ಇದ್ದ 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ. ವಿಂಡೋಸ್ ಇದ್ದ ಸಿ ಡ್ರೈವನ್ನು ಮಾತ್ರ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆ, ಅಂದರೆ ಇದ್ದ ಹಾಗೇ ನಕಲಿಸಿದೆ. 1 ಟಿಬಿಯ ಹಳೇ ಹಾರ್ಡ್‌ಡಿಸ್ಕನ್ನು ತೆಗೆಯಲು ಮನಸ್ಸಾಗಲಿಲ್ಲ. ಫೈಲ್ ಇಡೋಕೆ ಇರಲಿ ಅಂತ ಒಳಗೇ ಬಿಟ್ಟೆ.

ಮೊದಲ ದಿನ ಎಳ್ಳಷ್ಟೂ ಫರಕು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಯಾವ ಡಿಸ್ಕಿನಿಂದ ಕಂಪ್ಯೂಟರ್ ಏಳಬೇಕು ಎಂದು ಹೇಳುವ ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಹಳೇ ಡಿಸ್ಕೇ ಮೇಲಿತ್ತು. ಹೊಸ ಎಸ್‌ಎಸ್‌ಡಿ ಸುಮ್ನೆ ಕೂತಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು 'ಬೂಟ್' ಎಂಬ ಪದ ಯಾವ ಡಿಸ್ಕಿನ ಮೇಲಿದೆ ಎಂದು ನೋಡಿದಾಗಲೇ ಗೊತ್ತಾಗಿದ್ದು.

ಅದನ್ನು ಸರಿಮಾಡಿದ ಮೇಲೆ ಕಂಪ್ಯೂಟರ್ ಬೇಗ ಏಳತೊಡಗಿತು. ಆದರೆ ಎದ್ದ ಮೇಲೆ ಅದೇ ಹಳೇ ಕಥೆ. ಒಂದು ಫೋಲ್ಡರ್ ತೆರೆದರೆ ಏಳೆಂಟು ಸೆಕೆಂಡು ಎಲ್ಲವೂ ಕಲ್ಲಿನಂತೆ ನಿಂತುಬಿಡುತ್ತಿತ್ತು. ಇಲ್ಲಿಂದ ಮುಂದೆ ಎರಡು ದಾರಿ ಇದ್ದವು. ಕ್ಲೋನ್ ಆದದ್ದನ್ನೇ ರಿಪೇರಿ ಮಾಡುವುದು, ಇಲ್ಲವೇ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ಎರಡನ್ನೂ ಒಂದೊಂದು ವಾರ ಬಳಸಿ ನೋಡಿದೆ.

ಕ್ಲೋನ್ ರಿಪೇರಿ

ಟಾಸ್ಕ್ ಮ್ಯಾನೇಜರ್‌ನಲ್ಲಿ ಎಸ್‌ಎಸ್‌ಡಿ ಆರಾಮಾಗಿತ್ತು, ಹಳೇ ಡಿಸ್ಕ್ ಮಾತ್ರ 100 ಪರ್ಸೆಂಟ್ ಮುಟ್ಟಿ ಒದ್ದಾಡುತ್ತಿತ್ತು. ತಪ್ಪು ನನ್ನದೇ. ಸಿ ಡ್ರೈವ್ ತುಂಬುತ್ತಿದೆ ಅಂತ ವರ್ಷಗಳ ಹಿಂದೆ ಪೇಜ್ ಫೈಲನ್ನು ಹಳೇ ಡಿಸ್ಕಿನ ಡಿ ಡ್ರೈವ್‌ಗೆ ಕಳಿಸಿದ್ದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಸಾಮಾನು ಇಳಿಸಿಡುವ ಜಾಗ ಅದು. ಕ್ಲೋನ್ ಎಂದರೆ ತದ್ರೂಪ, ಅಲ್ವಾ? ಒಳ್ಳೆಯ ಸೆಟ್ಟಿಂಗ್ ಜೊತೆಗೆ ಮರೆತುಹೋದ ಸೆಟ್ಟಿಂಗೂ ಬಂತು. ಪೇಜ್ ಫೈಲನ್ನು ಸಿ ಡ್ರೈವ್‌ಗೆ ತಂದು ರೀಸ್ಟಾರ್ಟ್ ಮಾಡಿದೆ. ಅರ್ಧ ರೋಗ ವಾಸಿಯಾಯಿತು.

ಉಳಿದರ್ಧ ಇನ್ನೂ ಮಜಾ ಇತ್ತು. ಪವರ್ ಸೆಟ್ಟಿಂಗ್‌ನಲ್ಲಿ 20 ನಿಮಿಷ ಕೆಲಸವಿಲ್ಲದಿದ್ದರೆ ಹಾರ್ಡ್‌ಡಿಸ್ಕ್ ಮಲಗುವಂತಿತ್ತು. ಮಲಗಿದ್ದು ಎದ್ದು ಮತ್ತೆ ತಿರುಗಲು ಸಮಯ ಬೇಕು. ನನ್ನ ಡೌನ್‌ಲೋಡ್ಸ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಡಿಯಲ್ಲೇ ಇದ್ದವು. ಹಾಗಾಗಿ ಫೈಲ್ ಸೇವ್ ಮಾಡಲು ಹೋದಾಗೆಲ್ಲ ಎಸ್‌ಎಸ್‌ಡಿ ಕೈಕಟ್ಟಿಕೊಂಡು ಮುದುಕನಿಗಾಗಿ ಕಾಯುತ್ತಿತ್ತು. ಎರಡೂ ಫೋಲ್ಡರನ್ನು ಎಸ್‌ಎಸ್‌ಡಿಗೆ ತಂದೆ. ಸ್ಟಾರ್ಟಪ್ ಪಟ್ಟಿಯಿಂದ ಬೇಡದ ಏಳು ಪ್ರೋಗ್ರಾಂ ತೆಗೆದೆ. ಒಟ್ಟು ಒಂದು ಗಂಟೆಯ ಕೆಲಸ.

ಹೊಸ ವಿಂಡೋಸ್

ಮೊದಲು ಕ್ಲೋನಿನ ಪೂರ್ತಿ ಇಮೇಜ್ (ಬೇಕಾದಾಗ ವಾಪಸ್ ಹಾಕಬಹುದಾದ ಬ್ಯಾಕಪ್ ಪ್ರತಿ) ತೆಗೆದಿಟ್ಟುಕೊಂಡೆ. ಲೈಸೆನ್ಸ್ ಹೋಗುತ್ತದೆಂಬ ಭಯವಿತ್ತು, ಹೋಗಲಿಲ್ಲ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡನ್ನು ನೋಡುತ್ತದೆ, ಡಿಸ್ಕನ್ನಲ್ಲ.

ಮೊದಲ ದಿನ ಇದು ರಿಪೇರಿಯಾದ ಕ್ಲೋನಿಗಿಂತ ನಿಧಾನವಿತ್ತು! ಅಪ್‌ಡೇಟ್ ಇಳಿಯುತ್ತಿತ್ತು, ಫೈಲುಗಳ ಇಂಡೆಕ್ಸಿಂಗ್ ನಡೆಯುತ್ತಿತ್ತು, ಆಂಟಿವೈರಸ್ ಎಲ್ಲವನ್ನೂ ಮೊದಲಿನಿಂದ ತಡಕುತ್ತಿತ್ತು. ಅವತ್ತೇ ತೀರ್ಪು ಕೊಟ್ಟಿದ್ದರೆ ತಪ್ಪಾಗುತ್ತಿತ್ತು. ಮೂರನೇ ದಿನಕ್ಕೆ ನೀರು ತಿಳಿಯಾಯಿತು. ಬೂಟ್ ಆಗಲು ಕ್ಲೋನಿಗಿಂತ ಮೂರು ಸೆಕೆಂಡು ಕಡಿಮೆ. ರ‍್ಯಾಮ್ ಬಳಕೆಯೂ ಸ್ವಲ್ಪ ಕಡಿಮೆ. ಬ್ರೌಸರ್ ಮತ್ತು ಆಫೀಸ್ ಬಳಸುವಾಗ ಮಾತ್ರ ಕಣ್ಣುಕಟ್ಟಿ ಕೂರಿಸಿದರೆ ಯಾವುದು ಯಾವುದೆಂದು ಹೇಳಲಾರೆ. ಆ ಮೂರು ಸೆಕೆಂಡಿಗೆ ನಾನು ಕೊಟ್ಟದ್ದು ಒಂದು ಇಡೀ ವಾರಾಂತ್ಯ: ಪ್ರಿಂಟರ್ ಡ್ರೈವರ್, ಪಾಸ್‌ವರ್ಡ್, ಎಲ್ಲೋ ಕಳೆದುಹೋದ ಸಾಫ್ಟ್‌ವೇರ್ ಕೀಲಿ.

ಎರಡರಲ್ಲೂ ಹೋಗದ ತೊಂದರೆ

ವಿಡಿಯೋ ಮತ್ತು ಸಣ್ಣಪುಟ್ಟ ಗೇಮ್ ಎರಡು ಕಡೆಯೂ ತಡವರಿಸುತ್ತಿದ್ದವು. ವಿಂಡೋಸ್ ಬದಲಾದರೂ ಕಾಯಿಲೆ ಹೋಗದಿದ್ದರೆ ಕಾರಣ ಪೆಟ್ಟಿಗೆಯ ಒಳಗೇ ಇರಬೇಕು ಅನ್ನಿಸಿತು. ಮುಚ್ಚಳ ತೆಗೆದೆ. ಎರಡು ರ‍್ಯಾಮ್ ಕಡ್ಡಿಗಳನ್ನು ಅಕ್ಕಪಕ್ಕದ ಸ್ಲಾಟ್‌ಗೆ ಚುಚ್ಚಿದ್ದೆ. ಅವೆರಡೂ ಒಂದೇ ಚಾನೆಲ್‌ಗೆ, ಅಂದರೆ ಪ್ರೊಸೆಸರ್‌ಗೆ ಹೋಗುವ ಒಂದೇ ದಾರಿಗೆ ಸೇರಿದ್ದವು. ಬೇರೆ ಬೇರೆ ಚಾನೆಲ್‌ನಲ್ಲಿದ್ದರೆ ಎರಡೂ ಒಟ್ಟಿಗೆ ಓಡಿ ವೇಗ ಹೆಚ್ಚುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು ಜೋಡಿ. ಆದರೂ ಮ್ಯಾನ್ಯುಯಲ್ ನೋಡುವುದು ವಾಸಿ. ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ, ಅದಕ್ಕೇ ಏಟು ಜಾಸ್ತಿ ಬಿದ್ದಿದ್ದು. ಕಡ್ಡಿ ಬದಲಿಸಲು ಐದು ನಿಮಿಷವೂ ಹಿಡಿಯಲಿಲ್ಲ, ತಡವರಿಕೆ ನಿಂತಿತು. ಹೊಸ ಕಡ್ಡಿ 3200ರ ವೇಗದ್ದು, ಹಳೆಯದು 2400ರದ್ದು. ಎರಡೂ 2400ರಲ್ಲೇ ಓಡುತ್ತಿವೆ. ಹಳೆಯದರ ಕಾಲಿಗೆ ಹೊಸದನ್ನು ಕಟ್ಟಿದಂತೆ. ಅದಕ್ಕೆ ಔಷಧಿ ಹಳೆಯದರ ಬದಲು ಇನ್ನೊಂದು ಕಡ್ಡಿ ಕೊಳ್ಳುವುದೊಂದೇ, ಸದ್ಯಕ್ಕೆ ಬೇಡ.

ನನ್ನ ಓಟು ಕ್ಲೋನಿಗೆ. ಮದರ್‌ಬೋರ್ಡನ್ನೇ ಬದಲಿಸಿದ್ದರೆ, ಅಥವಾ ಹಳೇ ಡಿಸ್ಕ್ ಕೆಟ್ಟು ಫೈಲುಗಳು ಹಾಳಾಗಿದ್ದರೆ, ಹಿಂದೆಮುಂದೆ ನೋಡದೆ ಹೊಸ ವಿಂಡೋಸ್ ಹಾಕುತ್ತಿದ್ದೆ. ಬರೀ ಡಿಸ್ಕ್ ಬದಲಾಯಿಸಿದ್ದಕ್ಕೆ ಅಷ್ಟು ಕಷ್ಟ ಬೇಕಿರಲಿಲ್ಲ. ಇಮೇಜನ್ನು ವಾಪಸ್ ಹಾಕಿಕೊಂಡೆ. ಹಳೇ ಡಿಸ್ಕ್ ಈಗ ಯುಎಸ್‌ಬಿ ಡಬ್ಬಿಯಲ್ಲಿದೆ, ವಾರಕ್ಕೊಮ್ಮೆ ಬ್ಯಾಕಪ್‌ಗೆ ಮಾತ್ರ ಎಬ್ಬಿಸುತ್ತೇನೆ.