ಹಾಡುಗಾರ ಬಾಯಿ ತೆರೆಯುವ ಮುನ್ನ: ಕೆಲವು ಹೊಸ ರಾಕ್ ಹಾಡುಗಳು

ಹಾಸನದ ಒಂದು ವಾದ್ಯಗೋಷ್ಠಿಯಲ್ಲಿ ಬೇಸ್ ಗಿಟಾರ್ ನುಡಿಸುವವನಾದ್ದರಿಂದ, ಯಾವುದೇ ಹೊಸ ಹಾಡು ಕೇಳುವಾಗ ಹಾಡುಗಾರ ಬಾಯಿ ತೆರೆಯುವ ಮುನ್ನ ವಾದ್ಯಗಳಿಗೆ ಎಷ್ಟು ಜಾಗ ಸಿಕ್ಕಿದೆ ಎಂಬುದನ್ನೇ ನನ್ನ ಕಿವಿ ಮೊದಲು ಹುಡುಕುತ್ತದೆ. ನಮ್ಮ ಕಡೆಯ ಗಣೇಶೋತ್ಸವ, ರಾಜ್ಯೋತ್ಸವಗಳ ವೇದಿಕೆಯಲ್ಲಿ ಆ ಜಾಗ ಬಹಳ ಕಿರಿದು. ಆರಂಭದ ಸಂಗೀತ ಅರ್ಧ ನಿಮಿಷ ದಾಟಿತೆಂದರೆ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯುತ್ತಾರೆ, ಸಮಿತಿಯವರೊಬ್ಬರು ವೇದಿಕೆಯ ಪಕ್ಕಕ್ಕೆ ಬಂದು "ಬೇಗ ಹಾಡ್ಸಿ ಸಾರ್" ಎನ್ನುತ್ತಾರೆ. ಆದ್ದರಿಂದ ಮೂಲ ಹಾಡಿನಲ್ಲಿ ಎಂಥ ಚೆಂದದ ಇಂಟ್ರೊ ಇದ್ದರೂ ಅದನ್ನು ಒಂದೆರಡು ಆವರ್ತಕ್ಕೆ ಮೊಟಕುಗೊಳಿಸಿ ನೇರವಾಗಿ ಪಲ್ಲವಿಗೆ ಇಳಿಯುವುದು ರೂಢಿಯಾಗಿಬಿಟ್ಟಿದೆ. 2024 ಮತ್ತು 2025ರಲ್ಲಿ ಹೊರಬಂದ ಇಂಡಿ (ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ) ಹಾಗೂ ಆಲ್ಟರ್ನೇಟಿವ್ ರಾಕ್ ಹಾಡುಗಳಲ್ಲಿ ನನ್ನ ಫೋನಿನಿಂದ ಅಳಿಸಿಹೋಗದೆ ಉಳಿದ ಕೆಲವನ್ನು ಇಲ್ಲಿ ಈ ಅಳತೆಗೋಲಿನಿಂದಲೇ ನೋಡಿದ್ದೇನೆ. ಇಂಡಿ ಎಂಬ ಹಣೆಪಟ್ಟಿ ಈಗ ಬಹಳ ಸಡಿಲವಾಗಿರುವುದರಿಂದ, ಯಾವ ತಂಡ ದೊಡ್ಡ ಕಂಪನಿಯದು, ಯಾವುದು ಸಣ್ಣದರದು ಎಂಬ ಲೆಕ್ಕಕ್ಕೆ ನಾನು ಹೋಗಿಲ್ಲ.

ಈ ಅಳತೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ಇಂಗ್ಲೆಂಡಿನ ದಿ ಕ್ಯೂರ್ ತಂಡದ 'ಅಲೋನ್'. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡಿ ಹಾಡಾಗಿ ಬಂದ ಇದು, ಅದೇ ವರ್ಷದ ನವೆಂಬರ್ 1ರಂದು ಹೊರಬಂದ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಆಲ್ಬಂನ ಮೊದಲ ಹಾಡು. 2008ರ ನಂತರ, ಎಂದರೆ 16 ವರ್ಷಗಳ ತರುವಾಯ, ಈ ತಂಡ ಹೊರತಂದ ಮೊದಲ ಹೊಸ ಆಲ್ಬಂ ಅದು. ಹಾಡಿನ ಉದ್ದ ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಮೂರು ನಿಮಿಷ ಕಳೆದ ಮೇಲೂ ರಾಬರ್ಟ್ ಸ್ಮಿತ್ ಅವರ ದನಿ ಕೇಳಿಸುವುದಿಲ್ಲ. ನಿಧಾನಗತಿಯ ಭಾರವಾದ ಡ್ರಮ್ಸ್, ಅದರ ಮೇಲೆ ಮಂಜಿನಂತೆ ಹರಡಿಕೊಳ್ಳುವ ಕೀಬೋರ್ಡ್, ಕೆಳಗೆ ಸೈಮನ್ ಗ್ಯಾಲಪ್ ಅವರ ಒರಟು ಬೇಸ್, ಇಷ್ಟೇ ಸಾಮಗ್ರಿಯಲ್ಲಿ ಒಂದೇ ಸ್ವರಸಮೂಹದ ಸುತ್ತು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸುತ್ತಿನಲ್ಲೂ ಸಣ್ಣದೇನೋ ಬದಲಾಗುತ್ತದೆ: ಒಮ್ಮೆ ಪಿಯಾನೋದ ಎರಡು ಸ್ವರ ಸೇರಿಕೊಂಡರೆ, ಇನ್ನೊಮ್ಮೆ ಗಿಟಾರ್ ಎಳೆಯೊಂದು ಮೇಲೆದ್ದು ಅಲ್ಲೇ ಕರಗುತ್ತದೆ. ಗಾಯಕ ಯಾವಾಗ ಬರುತ್ತಾನೆ ಎಂಬ ಕಾತರವನ್ನು ಹೀಗೆ ಎಳೆದೆಳೆದು, ಆ ಕಾತರವೇ ಮರೆತುಹೋಗುವ ಹಂತಕ್ಕೆ ಕೇಳುಗನನ್ನು ತಂದ ಮೇಲಷ್ಟೇ ದನಿ ಪ್ರವೇಶಿಸುತ್ತದೆ. ನನ್ನ ಮಟ್ಟಿಗೆ ಹಾಡಿನ ಗೆಲುವು ಇರುವುದು ಅಲ್ಲಿಯೇ.

ಅರ್ನೆಸ್ಟ್ ಡೌಸನ್ ಎಂಬ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕವಿಯ ಕವಿತೆಯೊಂದರಿಂದ ಈ ಹಾಡಿಗೆ ದಾರಿ ಸಿಕ್ಕಿತೆಂದು ಸ್ಮಿತ್ ಅವರೇ ಹೇಳಿದ್ದಾರೆ. ವಸ್ತು ಮುಪ್ಪು, ಮುಕ್ತಾಯ, ಒಂಟಿತನ. ಅರವತ್ತು ದಾಟಿದ ಈ ಮನುಷ್ಯನ ದನಿ ಮಾತ್ರ ಅಚ್ಚರಿ ಹುಟ್ಟಿಸುವಷ್ಟು ಎಳೆಯದಾಗಿ ಉಳಿದಿದ್ದು, ಸಾವಿನ ಮಾತು ಆಡುವಾಗಲೂ ಅದರಲ್ಲಿ ಗೊಣಗಾಟವಾಗಲೀ ಅಳುಬುರುಕುತನವಾಗಲೀ ಕಾಣುವುದಿಲ್ಲ. ಭಾವಗೀತೆ ಕೇಳಿ ಬೆಳೆದ ನಮ್ಮವರಿಗೆ ಸಾಹಿತ್ಯವೇ ಮೊದಲು, ಸಂಗೀತ ಅದರ ಬೆನ್ನಿಗೆ. ಇಲ್ಲಿ ಸಾಹಿತ್ಯದ ಅರ್ಧ ಕೆಲಸವನ್ನು ವಾದ್ಯಗಳು ಮೊದಲೇ ಮುಗಿಸಿರುತ್ತವೆ. ಆಲ್ಬಂನ ಕೊನೆಯ ಹಾಡಾದ 'ಎಂಡ್‌ಸಾಂಗ್' ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದು, ಹತ್ತು ನಿಮಿಷ ಮೀರಿದ ತನ್ನ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಾದ್ಯಗಳಿಗೇ ಬಿಟ್ಟುಕೊಡುತ್ತದೆ; ಅದು ನನಗೂ ಸ್ವಲ್ಪ ಅತಿಯಾಯಿತು ಅನ್ನಿಸಿತು. ಇವನ್ನು ಕೇಳುವ ಬಗ್ಗೆ ಒಂದು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಬೇಸ್ ಪೂರ್ತಿ ಮಾಯವಾಗಿ, ಉಳಿದದ್ದು ಜಾಗಟೆ ಬಡಿದ ಹಾಗೆ ಗದ್ದಲವಷ್ಟೇ ಆಗುತ್ತದೆ. ಇಯರ್‌ಫೋನ್ ಬೇಕು, ಇಲ್ಲವೇ ಅರಸೀಕೆರೆಯ ಕಡೆ ಕಾರ್ಯಕ್ರಮ ಮುಗಿಸಿ ರಾತ್ರಿ ಹಿಂದಿರುಗುವಾಗ ನಮ್ಮ ಕೀಬೋರ್ಡ್‌ನವರ ಕಾರಿನಲ್ಲಿ ಕೇಳುವಂತೆ, ಕಿಟಕಿ ಏರಿಸಿದ ಕಾರಿನ ಸ್ಪೀಕರಾದರೂ ಬೇಕು.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದ ಫಾಂಟೇನ್ಸ್ ಡಿ.ಸಿ. ತಂಡದ 'ಸ್ಟಾರ್‌ಬರ್ಸ್ಟರ್' ಇದಕ್ಕೆ ತದ್ವಿರುದ್ಧ ಸ್ವಭಾವದ್ದು. 2024ರ ಏಪ್ರಿಲ್‌ನಲ್ಲಿ ಬಂದ ಈ ಹಾಡಿನಲ್ಲಿ ಗ್ರಿಯಾನ್ ಚಾಟನ್ ಹಾಡುವುದಕ್ಕಿಂತ ಹೆಚ್ಚಾಗಿ ಮಾತನ್ನು ಎಡೆಬಿಡದೆ ಉದುರಿಸುತ್ತಾ ಹೋಗುತ್ತಾರೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಉಂಟಾದ ತೀವ್ರ ಗಾಬರಿಯ ಅನುಭವವೇ ಹಾಡಿನ ಮೂಲ. ಪಲ್ಲವಿಯ ಸಾಲು ಮುಗಿದಾಗಲೆಲ್ಲ ಅವರು ಜೋರಾಗಿ, ಗಂಟಲು ಕಟ್ಟಿದವರಂತೆ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆ. ವೇದಿಕೆಯ ಮೇಲೆ ಹಾಡುವವರಿಗೆ ನಾವು ಹೇಳಿಕೊಡುವ ಮೊದಲ ಪಾಠವೇ ಉಸಿರು ಎಳೆಯುವಾಗ ಮೈಕಿನಿಂದ ಮುಖ ಪಕ್ಕಕ್ಕೆ ಸರಿಸಬೇಕು ಎಂಬುದು; ಮರೆತರೆ ಸೌಂಡ್‌ನವರು ಮಿಕ್ಸರ್ ಹಿಂದಿನಿಂದ ಕೈ ಬೀಸಿ ಎಚ್ಚರಿಸುತ್ತಾರೆ. ಇಲ್ಲಿ ಅದೇ ಉಸಿರನ್ನು ಮೈಕಿಗೆ ಇನ್ನಷ್ಟು ಹತ್ತಿರ ತಂದು, ಡ್ರಮ್ಸ್‌ನ ಒಂದು ಪೆಟ್ಟಿನಂತೆ ತಾಳದೊಳಗೆ ಕೂರಿಸಲಾಗಿದೆ. ಮೊದಲ ಸಲ ಅದು ಕಿರಿಕಿರಿ ಉಂಟುಮಾಡುತ್ತದೆ. ಆಮೇಲೆ ಅದಿಲ್ಲದ ಜಾಗದಲ್ಲಿ ಅದಕ್ಕಾಗಿ ಕಾಯುವಂತೆ ಮಾಡುತ್ತದೆ. ನಡುವೆ ಎಲ್ಲ ಆವೇಶ ಇಳಿದು ಹಾಡು ಮೃದುವಾಗುವ ಭಾಗವೊಂದಿದ್ದು, ಅದರಿಂದ ಹಳೆಯ ಓಟಕ್ಕೆ ಮರಳುವ ರೀತಿಯಲ್ಲಿ ನಿರ್ಮಾಪಕ ಜೇಮ್ಸ್ ಫೋರ್ಡ್ ಅವರ ಕೈಚಳಕ ಎದ್ದು ಕಾಣುತ್ತದೆ. ಈ ಹಾಡು ಸೇರಿರುವ 'ರೊಮ್ಯಾನ್ಸ್' ಆಲ್ಬಂ ಆಗಸ್ಟ್‌ನಲ್ಲಿ ಬಂತು. ಅದರ ಕೊನೆಯಲ್ಲಿರುವ 'ಫೇವರಿಟ್' ಸರಳವಾದ, ಗಿಟಾರ್ ತಂತಿಗಳು ಗಲಗಲ ಎನ್ನುವ ಹಾಡು; ಇಂಗ್ಲಿಷ್ ರಾಕ್ ಕೇಳಿ ರೂಢಿಯಿಲ್ಲದವರು ಬೇಕಾದರೆ ಅಲ್ಲಿಂದ ಶುರುಮಾಡಬಹುದು.

ವೆಟ್ ಲೆಗ್ ತಂಡದ 'ಕ್ಯಾಚ್ ದೀಸ್ ಫಿಸ್ಟ್ಸ್' ಬಗ್ಗೆ ಹೆಚ್ಚು ಹೇಳಲಾರೆ. ಇಂಗ್ಲೆಂಡಿನ ದಕ್ಷಿಣದ ಐಲ್ ಆಫ್ ವೈಟ್ ದ್ವೀಪದಿಂದ ಬಂದ ಈ ತಂಡಕ್ಕೆ ಮೊದಲ ಆಲ್ಬಂಗೇ 2023ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆತಿತ್ತು. ಈ ಹಾಡು 2025ರ ಜುಲೈನ ಎರಡನೆಯ ಆಲ್ಬಂನದು. ನೃತ್ಯಕೂಟದಲ್ಲಿ ಬೆನ್ನುಬಿದ್ದು ಕಾಡುವ ಗಂಡಸಿಗೆ ರಿಯಾನ್ ಟೀಸ್‌ಡೇಲ್ ತಣ್ಣಗಿನ ದನಿಯಲ್ಲಿ ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತಾರೆ. ತಂತಿ ಕರಕರ ಎನ್ನುವ ಅದರ ಮುಖ್ಯ ರಿಫ್, ಎಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಯಾವ ಬೇಸ್ ವಾದಕನಿಗಾದರೂ ಕೇಳಿದ ಕೂಡಲೇ ನುಡಿಸಿ ನೋಡಬೇಕೆನ್ನಿಸುವಂಥದ್ದು. ಆದರೆ ಮೂರು ನಿಮಿಷದೊಳಗೆ ಮುಗಿಯುವ ಹಾಡು ತನ್ನಲ್ಲಿರುವುದನ್ನೆಲ್ಲ ಮೊದಲ ಬಾರಿಗೇ ಕೊಟ್ಟುಬಿಡುತ್ತದೆ, ಮತ್ತೆ ಮತ್ತೆ ಕೇಳಿದಾಗ ಹೊಸದೇನೂ ದಕ್ಕುವುದಿಲ್ಲ.

ಪಲ್ಪ್ ತಂಡದ 'ಸ್ಪೈಕ್ ಐಲ್ಯಾಂಡ್' ಹಾಗಲ್ಲ. ಶೆಫೀಲ್ಡ್ ನಗರದ ಈ ತಂಡ 2001ರ ನಂತರ ಹೊಸ ಆಲ್ಬಂ ಮಾಡಿದ್ದು 2025ರ ಜೂನ್‌ನಲ್ಲಿ. 24 ವರ್ಷ ಆಲ್ಬಂ ಮಾಡದೆ ಇದ್ದವರು ಇಡೀ ಆಲ್ಬಂ ಅನ್ನು ಮೂರು ವಾರಗಳಲ್ಲಿ ರೆಕಾರ್ಡ್ ಮಾಡಿ ಮುಗಿಸಿದರಂತೆ. ಇದರ ನಿರ್ಮಾಪಕರೂ ಮೇಲೆ ಹೇಳಿದ ಜೇಮ್ಸ್ ಫೋರ್ಡ್ ಅವರೇ. ಹಾಡಿನ ಹೆಸರು 1990ರಲ್ಲಿ ಸ್ಟೋನ್ ರೋಸಸ್ ತಂಡ ಬಯಲಿನಲ್ಲಿ ನಡೆಸಿದ ದೊಡ್ಡ ಕಾರ್ಯಕ್ರಮದ ಸ್ಥಳದ್ದು. ಗಾಳಿಗೆ ಸದ್ದು ಹಾರಿಹೋಗಿ ಜನ ಗೊಣಗಿಕೊಂಡ ಆ ಕಾರ್ಯಕ್ರಮ ಇಂದಿಗೂ ದಂತಕಥೆಯಾಗಿ ಉಳಿದಿದೆ ಎಂಬುದು, ಜಾತ್ರೆಯ ಮೈದಾನಗಳಲ್ಲಿ ನುಡಿಸಿ ಬಂದ ನನ್ನಂಥವರಿಗೆ ಸಮಾಧಾನದ ಸಂಗತಿ. ಜಾರ್ವಿಸ್ ಕಾಕರ್ ಇಲ್ಲಿ ಹಾಡುವುದು ವೇದಿಕೆ ಬಿಟ್ಟು ಹೋಗಿ ಮತ್ತೆ ವೇದಿಕೆಗೇ ಮರಳಿದ ತಮ್ಮ ಬಗ್ಗೆ. ಕುಣಿಸುವ ತಾಳ, ಅದರ ಮೇಲೆ ಅರ್ಧ ಪಿಸುಮಾತು, ಅರ್ಧ ಗಾಯನ. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ಅವರ ಹಳೆಯ ಚಾಳಿ ಮಾಸಿಲ್ಲ. ಆಲ್ಬಂ ಅನ್ನು 2023ರಲ್ಲಿ ತೀರಿಕೊಂಡ ತಂಡದ ಬೇಸ್ ವಾದಕ ಸ್ಟೀವ್ ಮ್ಯಾಕಿ ಅವರಿಗೆ ಅರ್ಪಿಸಲಾಗಿದೆ. ಅದು ತಿಳಿದ ಮೇಲೆ ನಾನು ಬೇಸ್ ಸಾಲನ್ನೇ ಹಿಡಿದು ಇನ್ನೊಮ್ಮೆ ಕೇಳಿದೆ; ಶೋಕದ ಭಾರ ಎಲ್ಲೂ ಇಲ್ಲದೆ, ಲವಲವಿಕೆಯಿಂದ ಇಡೀ ಹಾಡನ್ನು ಹೊತ್ತು ನಡೆದಿದೆ. ಮೂಲ ತಂಡದವರು ನಿಧನರಾದಾಗ ನಮ್ಮಲ್ಲಿ ಹಾಡಿನ ಗತಿ ಇಳಿಸಿ ನಮನ ಸಲ್ಲಿಸುವ ಪದ್ಧತಿಯಿದೆ. ಇವರು ಗತಿ ಇಳಿಸಲಿಲ್ಲ ಎಂಬುದೇ ನನಗೆ ಹೆಚ್ಚು ಹಿಡಿಸಿತು.

ಕೊನೆಯದಾಗಿ ನಮ್ಮ ದೇಶದ್ದೇ ಒಂದು. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ತಂಡ 2024ರ ಆಗಸ್ಟ್‌ನಲ್ಲಿ 'ಬೀಟಾ' ಎಂಬ ಆಲ್ಬಂ ತಂದಿತು. ಸೂರ್ಯಕಾಂತ್ ಸಾಹ್ನಿ ಅವರದು ಹಳೆಯ ಕಾಲದ ಹೋಟೆಲ್ ಗಾಯಕರನ್ನು ನೆನಪಿಸುವ, ಅವಸರವೇ ಇಲ್ಲದ ದನಿ. ಅದರ ಪಕ್ಕದಲ್ಲಿ ಬರುವ ಟ್ರಂಪೆಟ್‌ನಲ್ಲಿ ಉತ್ತರ ಭಾರತದ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನ ಛಾಯೆಯಿದೆ. ಹಾಡುವುದು ಇಂಗ್ಲಿಷಿನಲ್ಲಾದರೂ ಇದು ಲಂಡನ್ನಿನ ನಕಲು ಅನ್ನಿಸದಿರುವುದಕ್ಕೆ ಆ ಟ್ರಂಪೆಟ್ ಕಾರಣ. 'ಸಡನ್ಲಿ' ಎಂಬ ಹಾಡಿನಲ್ಲಿ ದನಿ ಮತ್ತು ವಾದ್ಯ ಒಂದಕ್ಕೊಂದು ದಾರಿ ಬಿಟ್ಟುಕೊಡುವ ಸೌಜನ್ಯ ಬಹಳ ಚೆನ್ನಾಗಿ ಕಾಣುತ್ತದೆ. ಆಲ್ಬಂ ಸ್ವಲ್ಪ ಉದ್ದವಾಯಿತು, ಹಿಂಬದಿಯ ಕೆಲವು ಹಾಡುಗಳು ಒಂದರೊಳಗೊಂದು ಬೆರೆತುಹೋಗುತ್ತವೆ ಎಂಬುದು ನನ್ನ ಆಕ್ಷೇಪ. ಇಂಥ ತಂಡಗಳು ಹಾಸನಕ್ಕೆ ಬರುವ ಮಾತಿಲ್ಲ, ನೋಡಬೇಕೆಂದರೆ ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಹೋಗುವ ಮನಸ್ಸಿದ್ದವರು ಮೊದಲು ಈ ಆಲ್ಬಂನ ಮುಂಭಾಗದ ಹಾಡುಗಳನ್ನು ಕೇಳಿಕೊಂಡು, ಟಿಕೆಟ್ ದುಡ್ಡು ಹಾಕುವುದೋ ಬೇಡವೋ ತೀರ್ಮಾನಿಸಬಹುದು.